ಸರಳ ಜೀವಿಯಲ್ಲದ ನಮ್ಮ ಫಿಸಿಕ್ಸ್ ಸರ್

ಅವರು ಸರಳ ಜೀವಿಯಾಗಿರಲಿಲ್ಲ. ಮೊದಲು ಈ ಮಾತು ಬರೆದುಬಿಡುತ್ತೇನೆ, ಉಳಿದದ್ದು ಆಮೇಲೆ. ಸತ್ತವರನ್ನೆಲ್ಲ ಸಾಲಾಗಿ ನಿಲ್ಲಿಸಿ 'ಸರಳ ಸಜ್ಜನಿಕೆಯ ಮೂರ್ತಿ' ಎಂಬ ಒಂದೇ ಶಾಲು ಹೊದಿಸುವ ಚಾಳಿ ನಮ್ಮ ಕಡೆ ಮೊದಲಿನಿಂದಲೂ ಇದೆ. ಬಡ್ಡಿಯಲ್ಲಿ ಅರ್ಧ ಊರು ನುಂಗಿದವನೂ ಸತ್ತ ಮೇಲೆ ಸರಳ ಜೀವಿ. ಹೆಂಡತಿಯನ್ನು ದನಕ್ಕೆ ಬಡಿದ ಹಾಗೆ ಬಡಿಯುತ್ತಿದ್ದವನೂ ಸರಳ ಜೀವಿ. ಅಂಥವರಿಗೆ ಏನು ಬೇಕಾದರೂ ಹೊದಿಸಿಕೊಳ್ಳಲಿ, ನನ್ನ ತಕರಾರಿಲ್ಲ. ಇವರಿಗೆ ಹೊದಿಸಲು ಹೋದರಲ್ಲ, ಅದಕ್ಕೆ ನನ್ನ ಪಿತ್ತ ನೆತ್ತಿಗೇರಿದ್ದು.

ನಾನು ಸುರಪುರದ ಒಂದು ಪದವಿಪೂರ್ವ ಕಾಲೇಜಿನಲ್ಲಿ ಕನ್ನಡ ಕಲಿಸುವವನು. ಶಹಾಪುರದಿಂದ ದಿನಾ ಬಸ್ಸಿಗೆ ಬಂದು ಹೋಗುತ್ತೇನೆ. ಅವರು ಅದೇ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದರು. ಅವರ ಹೆಸರು ಬರೆಯುವುದಿಲ್ಲ. ಬರೆದರೆ ನಮ್ಮ ಮಂದಿ ಹೆಸರಿನ ಮುಂದಿನ ಅಡ್ಡಹೆಸರು ಹುಡುಕುತ್ತಾರೆ, ಅಡ್ಡಹೆಸರಿನಿಂದ ಊರು ಹುಡುಕುತ್ತಾರೆ, ಊರಿನಿಂದ ಕೇರಿ ಹುಡುಕುತ್ತಾರೆ, ಕೇರಿ ಸಿಕ್ಕ ಮೇಲೆ ಮುಂದೆ ಓದುವ ಅಗತ್ಯವೇ ಅವರಿಗೆ ಇರುವುದಿಲ್ಲ. ನಮ್ಮ ಫಿಸಿಕ್ಸ್ ಸರ್‌ಗೆ ಎರಡು ಹವ್ಯಾಸಗಳಿದ್ದವು. ಒಂದು, ಬೆಲೆಬಾಳುವ ಕೈಗಡಿಯಾರ. ಇನ್ನೊಂದು, ಕಾರ್ ರೇಸು. ಈ ಎರಡು ಖುಷಿಗಳಿಗೆ ಊರಿಗೆಲ್ಲ ಸಮಜಾಯಿಷಿ ಕೊಡದೆ ಬದುಕಬೇಕು ಎನ್ನುವುದಷ್ಟೇ ಅವರ ಆಸೆಯಾಗಿತ್ತು. ನಾವು ಅಷ್ಟನ್ನೂ ನಡೆಸಿಕೊಡಲಿಲ್ಲ.

ಅವರು ಕಾಲೇಜಿಗೆ ಬಂದ ಮೊದಲ ವಾರವೇ ಶುರುವಾಯಿತು. ಸ್ಟಾಫ್ ರೂಮಿನಲ್ಲಿ ಚಹಾದ ಕಪ್ಪಿಗೆ ಕೈ ಚಾಚಿದಾಗ ಅಂಗಿಯ ತೋಳು ಮೇಲೆ ಸರಿದು ವಾಚು ಕಂಡಿತು. ಕರಿ ಚರ್ಮದ ಪಟ್ಟಿ, ಕೆನೆ ಬಣ್ಣದ ಮುಖ, ಕೂದಲಿನಷ್ಟು ತೆಳ್ಳನೆಯ ನೀಲಿ ಮುಳ್ಳುಗಳು. ಬ್ಯಾಟರಿ ಇಲ್ಲದ್ದು, ಕೈ ಆಡಿದಂತೆಲ್ಲ ತಾನೇ ಕೀಲಿ ತುಂಬಿಕೊಳ್ಳುವಂಥದ್ದು. ಬೆನ್ನಿಗೆ ಗಾಜು ಇತ್ತು, ತಿರುಗಿಸಿ ಹಿಡಿದರೆ ಒಳಗಿನ ಚಕ್ರಗಳು ಓಡುವುದು ಕಾಣುತ್ತಿತ್ತು.

"ಎಷ್ಟಕ್ಕ ತಗೊಂಡ್ರಿ ಸರ?" ಎಂದು ಇತಿಹಾಸದವರು ಕೇಳಿದರು.

"ಮಾವನ ಮನ್ಯಾಗ ಕೊಟ್ಟಾರೇನ್ರಿ?" ಎಂದು ಗುಮಾಸ್ತರು.

"ಹೈದ್ರಾಬಾದಿನ್ಯಾಗ ಫುಟ್‌ಪಾತ್ ಮ್ಯಾಲ ಸಿಗ್ತಾವ ಬಿಡ್ರಿ ಇಂಥಾವು, ಡೂಪ್ಲಿಕೇಟ್," ಎಂದು ಅರ್ಥಶಾಸ್ತ್ರದವರು.

"ನನ್ನ ಪಗಾರದಾಗ ತಗೊಂಡೀನ್ರಿ. ಅಸಲಿ ಅದ," ಎಂದರು ಇವರು, ನಗುತ್ತಲೇ.

"ಅದು ಖರೆ ಸರ. ಆದ್ರ ನಿಮಗ್ಯಾಕ ಬೇಕಿತ್ರಿ ಇಷ್ಟು ಭಾರಿದು?"

ಹೀಗೆ ಕೇಳಿದ ಇತಿಹಾಸದವರೇ ಅದೇ ತಿಂಗಳು ನಮ್ಮ ವಾರ್ಷಿಕೋತ್ಸವಕ್ಕೆ ಅತಿಥಿಯಾಗಿ ಬಂದ ಒಬ್ಬ ಗುತ್ತೇದಾರರ ಕೈ ಹಿಡಿದುಕೊಂಡು, ಆ ಕೈಯಲ್ಲಿದ್ದ ಹರಳು ಮೆತ್ತಿದ ಬಂಗಾರದ ವಾಚನ್ನು ನೋಡಿ, "ಕೈಗೆ ಕಳಿ ಅಂದ್ರ ಇದು ನೋಡ್ರಿ ಸಾಹುಕಾರ್ರ" ಎಂದರು. ಬೆಲೆ ಕೇಳಲಿಲ್ಲ. ಮಾವ ಕೊಟ್ಟನೇ ಎಂದು ಕೇಳಲಿಲ್ಲ. ನಿಮಗ್ಯಾಕೆ ಎಂದು ಕೇಳುವುದಂತೂ ದೂರವೇ ಉಳಿಯಿತು. ಆ ಗುತ್ತೇದಾರರು ಕಟ್ಟಿಸಿದ ಕಾಲುವೆ ಮೊದಲ ನೀರಿಗೇ ಒಡೆದು ಮಂದಿಯ ಭತ್ತದ ಗದ್ದೆಗೆ ಮರಳು ತುಂಬಿದ್ದು ಅವರಿಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ನಾನು ಮರುದಿನ ಸ್ಟಾಫ್ ರೂಮಿನಲ್ಲಿ ಅದನ್ನೇ ಎತ್ತಿ ಕೇಳಿದ್ದಕ್ಕೆ ಅವರು ಬಹಳ ದಿನ ನನ್ನ ಜೊತೆ ಮಾತು ಬಿಟ್ಟರು. ನನಗೂ ಆರಾಮಾಯಿತು.

ಫಿಸಿಕ್ಸ್ ಸರ್ ಮಾತ್ರ ಜಗಳಕ್ಕೆ ಇಳಿಯುವವರಲ್ಲ. ಕೊಂಕಲ್ ಊರಿನವರು. ಅಪ್ಪ ಅವ್ವ ಇಬ್ಬರೂ ಇನ್ನೊಬ್ಬರ ಹೊಲದಲ್ಲಿ ದುಡಿದವರು. ಹತ್ತಿ ಬಿಡಿಸುವ ಕಾಲಕ್ಕೆ ಮಗನೂ ಶಾಲೆ ತಪ್ಪಿಸಿ ಜೊತೆಗೆ ಹೋದವನು. ಓದಿ, ಕೆಲಸ ಹಿಡಿದು, ಸುರಪುರದಲ್ಲಿ ಸಣ್ಣ ಮನೆ ಕಟ್ಟಿಸಿದ್ದರು. ಅವರ ಮನೆತನ ಬೌದ್ಧ ಧಮ್ಮಕ್ಕೆ ಬಂದಿತ್ತು. ಪಡಸಾಲೆಯ ಗೋಡೆಗೆ ಬುದ್ಧನ ಚಿತ್ರ, ಪಕ್ಕದಲ್ಲಿ ನೀಲಿ ಕೋಟು ತೊಟ್ಟು ಪುಸ್ತಕ ಹಿಡಿದವರ ಚಿತ್ರ. ಒಮ್ಮೆ ನನ್ನನ್ನು ಆ ಎರಡನೆಯ ಚಿತ್ರದ ಹತ್ತಿರ ಕರೆದೊಯ್ದು, "ಆ ಕೋಟಿನ ಇಸ್ತ್ರಿ ನೋಡ್ರಿ ಸರ," ಎಂದರು. "ಹರಕ ಅಂಗಿ ಹಾಕ್ಕೊಂಡು ಬಂದು ಹಕ್ಕು ಕೇಳಿದ್ದಿದ್ರ ಮಂದಿಗೆ ಭಾಳ ಸಮಾಧಾನ ಆಗ್ತಿತ್ತು. ಪಾಪ ಅಂತಿದ್ರು. ಕೋಟು ಹಾಕ್ಕೊಂಡು ಕೇಳಿದ್ರಲ್ಲ, ಅದಕ್ಕ ಹೊಟ್ಟ್ಯಾಗ ಬೆಂಕಿ ಬಿತ್ತು." ಹೇಳಿ ಜೋರಾಗಿ ನಕ್ಕರು. ಅವರ ನಗು ದೊಡ್ಡದು. ಹಲ್ಲು ಒಸಡು ಎಲ್ಲ ಕಾಣುತ್ತಿದ್ದವು.

ಅವರ ಹತ್ತಿರ ಇದ್ದದ್ದು ಮೂರು ವಾಚು. ಅಲಮಾರಿಯಲ್ಲಿ ಮಖಮಲ್ ಹಾಸಿದ ಪೆಟ್ಟಿಗೆ. ರವಿವಾರ ಬೆಳಿಗ್ಗೆ ಸ್ನಾನ ಮಾಡಿ, ಪೆಟ್ಟಿಗೆ ಹೊರಗೆ ತೆಗೆದು, ಕನ್ನಡಕ ಒರೆಸುವ ಬಟ್ಟೆಯಿಂದ ಒಂದೊಂದನ್ನೇ ಒರೆಸಿ, ಕಿವಿಗೆ ಹಿಡಿದು ಕೇಳುವರು. ಆ ಹೊತ್ತಿಗೆ ಯಾರಾದರೂ ಮಾತಾಡಿಸಿದರೆ ಕೈಯೆತ್ತಿ ತಡೆಯುವರು. ನನ್ನ ಕಿವಿಗೂ ಹಿಡಿದಿದ್ದಾರೆ. ನನಗೆ ಕೇಳಿದ್ದು ಟಿಕ್ ಟಿಕ್ ಅಷ್ಟೇ. ಅವರಿಗೆ ಅದರಲ್ಲಿ ಇನ್ನೇನೋ ಕೇಳುತ್ತಿತ್ತು.

"ಇಷ್ಟು ಕಿಮ್ಮತ್ತಿನ ವಾಚು, ನಿಮ್ಮ ಮೊಬೈಲಿಗಿಂತ ಎರಡು ನಿಮಿಷ ಹಿಂದ ಅದಲ್ರಿ ಸರ?" ಎಂದು ನಾನೊಮ್ಮೆ ಕಾಲೆಳೆದೆ.

"ಟೈಮ್ ನೋಡಾಕ ಮೊಬೈಲ್ ಅದ ಬಿಡ್ರಿ. ಇದು, ಇದನ್ನ ನೋಡಾಕ."

ಅವರಿಗೆ ದೋಷಗಳೇ ಇರಲಿಲ್ಲ ಎಂದು ಹೇಳಿದರೆ ನಾನೂ ಶಾಲು ಹೊದಿಸಿದ ಹಾಗೆ. ದೊಡ್ಡ ಡೌಲಿನ ಮನುಷ್ಯ. ಅಂಗಿಗೆ ಒಂದು ಸುಕ್ಕು ಬಿದ್ದರೆ ಮುಖ ಊದಿಸಿಕೊಂಡು ಕೂಡುತ್ತಿದ್ದರು. ವಾಚಿನ ಸುದ್ದಿ, ಕಾರಿನ ಗೇರಿನ ಸುದ್ದಿ ಎತ್ತಿದರೆ ಎದುರಿನವನು ಆಕಳಿಸಿದರೂ ಬಿಡುತ್ತಿರಲಿಲ್ಲ. ಬಂಧು ಬಳಗದ ಮದುವೆಗಳಿಗೆ ಹೋಗುತ್ತಿರಲಿಲ್ಲ, ರೇಸಿಗೆ ರಜೆ ಉಳಿಸಬೇಕಿತ್ತಲ್ಲ. ಒಮ್ಮೆ ಭಜಿ ತಿಂದ ಕೈಯಲ್ಲಿ ವಾಚಿನ ಗಾಜು ಮುಟ್ಟಿದೆ ಎಂದು ನನ್ನ ಮೇಲೆ ರೇಗಿ, ಮರುದಿನ ತಾವೇ ಭಜಿ ತರಿಸಿಕೊಟ್ಟರು. ದೇವಾಪುರದ ಶಾಲೆಯಲ್ಲಿ ಕಲಿಸುವ ಅವರ ಮನೆಯವರು, ನಾವೆಲ್ಲ ಅಕ್ಕೋರು ಎನ್ನುತ್ತೇವೆ, ಆ ಪೆಟ್ಟಿಗೆಗೆ 'ನನ್ನ ಮೂರು ಮಂದಿ ಸವತಿಯರು' ಎಂದು ಹೆಸರಿಟ್ಟಿದ್ದರು. ಬೇಸಿಗೆ ರಜೆಯಲ್ಲಿ ಗಂಡ ರೇಸಿನ ಟ್ರ್ಯಾಕಿಗೆ ಹೊರಟಾಗ ಅಕ್ಕೋರ ಮುಖ ಗಂಟಾಗುತ್ತಿತ್ತು. ಆದರೂ ದಾರಿಗೆ ಬುತ್ತಿ ಕಟ್ಟುತ್ತಿದ್ದರು.

ಟ್ರ್ಯಾಕ್ ಇದ್ದದ್ದು ಚೆನ್ನೈ ಹತ್ತಿರ. ಯಾದಗಿರಿ ಸ್ಟೇಷನ್ನಿನಲ್ಲಿ ರೈಲು ಹತ್ತಿದರೆ ಸೀದಾ ಚೆನ್ನೈ, ಬದಲಾಯಿಸುವ ಗೋಜಿಲ್ಲ. ರೈಲ್ವೆಯವರು ನಮ್ಮ ಜಿಲ್ಲೆಗೆ ಮಾಡಿದ ಉಪಕಾರಗಳಲ್ಲಿ ಇದು ದೊಡ್ಡದು ಎಂದು ಅವರು ನಂಬಿದ್ದರು. ಅಲ್ಲೊಂದು ಸಂಸ್ಥೆ ಓಡಿಸಲು ಕಲಿಸಿ, ಲೈಸೆನ್ಸ್ ಕೊಡಿಸಿ, ರೇಸ್ ಕಾರನ್ನು ಬಾಡಿಗೆಗೆ ಕೊಡುತ್ತಿತ್ತು. ವರ್ಷಕ್ಕೆ ಒಂದೆರಡು ಸಲ ಅಷ್ಟೇ ಸಾಧ್ಯವಾಗುತ್ತಿತ್ತು. ಹೆಲ್ಮೆಟ್ ಮಾತ್ರ ಸ್ವಂತದ್ದು. ಅದನ್ನು ದುಂಡನೆಯ ಚೀಲದಲ್ಲಿ ಹಾಕಿ ಮಡಿಲಲ್ಲಿ ಇಟ್ಟುಕೊಂಡು ಕೂಡುತ್ತಿದ್ದರು.

ಒಂದು ಸಲ ನಾನೂ ಜೊತೆಗೆ ಹೋದೆ. ಎದುರಿಗೆ ಕೂತಿದ್ದ ಮುದುಕಿ ಆ ಚೀಲವನ್ನೇ ನೋಡಿ ನೋಡಿ, "ಏನದ ತಮ್ಮ ಅದರಾಗ? ಕುಂಬಳಕಾಯಿ ಏನು?" ಎಂದು ಕೇಳಿದಳು.

"ತಲಿ ಅದ ಆಯಿ. ಇನ್ನೊಂದು ತಲಿ. ಜೋರು ಗಾಡಿ ಹೊಡಿಯೋ ಮುಂದ ಹಾಕ್ಕೊಳ್ಳಾಕ."

ಮುದುಕಿ ಸ್ವಲ್ಪ ಯೋಚಿಸಿ, "ಹುಷಾರಿ ಹೊಡಿಯಪ್ಪಾ" ಎಂದು ಒಂದು ಹಿಡಿ ಚುರುಮುರಿ ಕೊಟ್ಟಳು. ಬೆಲೆ ಕೇಳದೆ, ಯಾಕೆ ಬೇಕು ಎನ್ನದೆ ಅವರನ್ನು ಹರಸಿದವಳು ನನಗೆ ತಿಳಿದ ಹಾಗೆ ಅವಳೊಬ್ಬಳೇ.

ಟ್ರ್ಯಾಕಿನಲ್ಲಿ ಅವರು ಬೇರೆಯೇ ಮನುಷ್ಯ. ಕೆಂಪು ಸೂಟು ತೊಟ್ಟು ನಿಂತಾಗ ಒಂದು ಗೇಣು ಎತ್ತರವಾದ ಹಾಗೆ ಕಂಡರು. ಓಡಿಸುವವರ ಮೈಮೇಲೆ ಉಂಗುರ, ವಾಚು ಏನೂ ಇರಬಾರದು ಎಂಬುದು ಅಲ್ಲಿಯ ಕಟ್ಟುನಿಟ್ಟು. ತಮ್ಮ ವಾಚು ಬಿಚ್ಚಿ, ನನ್ನ ಅಂಗೈ ಒಣಗಿದೆಯೋ ಇಲ್ಲವೋ ಎಂದು ಪರೀಕ್ಷೆ ಮಾಡಿ, ಅದರಲ್ಲಿ ಇಟ್ಟರು. ನಾನು ಕಟಾಂಜನಕ್ಕೆ ಆತು ನಿಂತೆ. ಕಾರುಗಳು ಹೊರಟಾಗ ಎದೆಯಲ್ಲಿ ನಗಾರಿ ಬಾರಿಸಿದಂತಾಯಿತು. ಅವರ ಕಾರು ಒಂದೊಂದು ಸುತ್ತಿಗೂ ನನ್ನ ಮುಂದೆ ಹಾದು ಹೋಗುವಾಗ ಕಣ್ಣಿಗೆ ಸಿಗುತ್ತಿದ್ದುದು ಕೆಂಪು ಗೆರೆ ಮಾತ್ರ. ಭಯವಾಯಿತು, ಸುಳ್ಳು ಹೇಳುವುದಿಲ್ಲ. ವಾಚನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದೆ.

ಓಟ ಮುಗಿದು, ಹೆಲ್ಮೆಟ್ ತೆಗೆದಾಗ ತಲೆಯೆಲ್ಲ ಬೆವರು. ಎಷ್ಟನೆಯವರಾಗಿ ಬಂದಿರಿ ಎಂದು ಕೇಳಿದೆ.

"ಕಡೀಂದ ಎರಡನೇದು!" ಎಂದು ಕುಣಿಯುವ ಹಾಗೆ ಹೇಳಿದರು. "ಮೂರನೇ ತಿರುವಿನ್ಯಾಗ ಈ ಸಲ ಬ್ರೇಕ್ ತಡಾ ಮಾಡಿ ಹಿಡದೆ ಸರ. ಹಿಂದಿನ ಸಲ ಅಂಜಿ ಮೊದಲ ಹಿಡದಿದ್ದೆ. ಗಾಡಿ ಹಿಂಗ, ಹಿಂಗ ಎಳಕೊಂಡು ಹೋಯ್ತು ನೋಡ್ರಿ," ಎಂದು ಎರಡೂ ಕೈಯಲ್ಲಿ ಇಲ್ಲದ ಸ್ಟೇರಿಂಗನ್ನು ತಿರುಗಿಸಿ ತೋರಿಸಿದರು. ನಾನು ವಾಚು ಕೊಟ್ಟೆ. ಕಟ್ಟಿಕೊಂಡು, ಹೆಲ್ಮೆಟ್ ಬಗಲಲ್ಲಿ ಹಿಡಿದು, ಒಸಡು ಕಾಣುವ ಹಾಗೆ ನಕ್ಕರು. ಆ ಹೊತ್ತಿಗೆ ನನ್ನ ಮೊಬೈಲಿನಲ್ಲಿ ಒಂದು ಫೋಟೋ ತೆಗೆದೆ.

ಅವರು ಒಂದು ಸಲವೂ ಗೆಲ್ಲಲಿಲ್ಲ. ಮನೆಯಲ್ಲಿ ಒಂದು ಕಪ್ಪಿಲ್ಲ, ಪದಕವಿಲ್ಲ. ನಮ್ಮ ಮಂದಿಗೆ ಇದು ಇನ್ನೂ ದೊಡ್ಡ ಅಪರಾಧವಾಗಿ ಕಂಡಿತು. "ಅಲ್ರಿ, ಒಂದರ ಕಪ್ ತಂದಾನೇನು? ಸುಮ್ಕ ರೊಕ್ಕ ಹಾಳು" ಎನ್ನುತ್ತಿದ್ದರು. ಕಪ್ ತಂದಿದ್ದರೆ ಇದೇ ಮಂದಿ ತೆರೆದ ಜೀಪಿನಲ್ಲಿ ಮೆರವಣಿಗೆ ಮಾಡಿ, ಯಾದಗಿರಿಯ ಕೀರ್ತಿ ಪತಾಕೆ ಎಂದು ಬರೆಸುತ್ತಿದ್ದರು. ಬಡವನ ಮಗ ಗೆದ್ದರೆ ಕಥೆ, ಗೆಲ್ಲದೆ ಖುಷಿಪಟ್ಟರೆ ಶೋಕಿ. ಪ್ರತಿ ಸಂಜೆ ಇಸ್ಪೀಟಾಡುವ, ಒಂದು ದಿನವೂ ಚಾಂಪಿಯನ್ ಆಗದ ಅರ್ಥಶಾಸ್ತ್ರದವರನ್ನು ಯಾರೂ ಕಪ್ ಕೇಳಿದ್ದು ನಾನು ನೋಡಿಲ್ಲ.

ಇನ್ನೊಂದು ಮಾತು ಹೇಳಬೇಕು, ಯಾಕೆಂದರೆ ಮುಂದೆ ಬರುವ ಅನ್ಯಾಯಕ್ಕೆ ಇದೇ ಉತ್ತರ. ಊರ ರಸ್ತೆಯಲ್ಲಿ ಅವರಷ್ಟು ನಿಧಾನ ಕಾರು ಓಡಿಸುವವರನ್ನು ನಾನು ಕಂಡಿಲ್ಲ. ಅವರ ಸ್ವಂತ ಕಾರು ಹಳೆಯದು, ಸಣ್ಣದು. ಉತ್ತರ ಪತ್ರಿಕೆ ತಿದ್ದಲು ಯಾದಗಿರಿಗೆ ಹೋಗುವಾಗ ಶಹಾಪುರದಲ್ಲಿ ನನ್ನನ್ನು ಹತ್ತಿಸಿಕೊಳ್ಳುತ್ತಿದ್ದರು. ಮೆಣಸಿನಕಾಯಿ ಹೇರಿದ ಟ್ರ್ಯಾಕ್ಟರು ಕೂಡ ನಮ್ಮನ್ನು ಹಿಂದೆ ಹಾಕಿ ಹೋಗುತ್ತಿತ್ತು. ಒಮ್ಮೆ ನಮ್ಮ ವಿದ್ಯಾರ್ಥಿಗಳೇ ಮೂರು ಮಂದಿ ಒಂದು ಬೈಕಿನಲ್ಲಿ ಕೂತು, "ರೇಸ್ ಸರ್!" ಎಂದು ಕೂಗಿ ಮುಂದೆ ಹೋದರು. ಭೀಮಾ ಸೇತುವೆ ಬರುವಷ್ಟರಲ್ಲಿ ನನಗೆ ತಾಳ್ಮೆ ತಪ್ಪಿತು.

"ಒಂದ್ ಸ್ವಲ್ಪ ಒತ್ರಿ ಸರ. ನೀವ್ ರೇಸ್ ಹೊಡಿಯೋರು ಅಂತ ಯಾರರ ನಂಬ್ತಾರೇನ್ರಿ?"

"ಟ್ರ್ಯಾಕ್ ನಂದು ಸರ. ರೋಡ್ ಮಂದಿದು," ಎಂದರು. "ಅಲ್ಲಿ ಎಲ್ಲಾರೂ ಒಂದ ದಿಕ್ಕಿಗೆ ಹೊಂಟಿರ್ತಾರ, ಎಲ್ಲಾರೂ ಹೆಲ್ಮೆಟ್ ಹಾಕ್ಕೊಂಡಿರ್ತಾರ. ಇಲ್ಲಿ ಕುರಿ ಬರ್ತಾವ, ಕೂಸು ಬರ್ತಾವ."

ಆ ಬೈಕಿನ ಮೂವರನ್ನು ಮರುದಿನ ತರಗತಿಯಲ್ಲಿ ಎಬ್ಬಿಸಿ ನಿಲ್ಲಿಸಿದರು. ಬೈಯಲಿಲ್ಲ. ತಿರುವಿನಲ್ಲಿ ಟೈರು ನೆಲವನ್ನು ಎಷ್ಟು ಹಿಡಿಯುತ್ತದೆ, ವೇಗ ಇಮ್ಮಡಿಯಾದರೆ ಏನಾಗುತ್ತದೆ ಎಂಬುದನ್ನು ಬೋರ್ಡಿನ ಮೇಲೆ ಅವರ ಕೈಯಲ್ಲೇ ಬರೆಸಿದರು. ಬರೆದು ಮುಗಿಸಿದ ಹುಡುಗನ ಮುಖ ಬಿಳಿಚಿಕೊಂಡಿತ್ತಂತೆ. ಪಾಠದ ಗಂಟೆ ಮುಗಿದರೂ ಹುಡುಗರು ಏಳುತ್ತಿರಲಿಲ್ಲ. ಪಕ್ಕದ ಕೋಣೆಯಲ್ಲಿ ನನ್ನ ಷಟ್ಪದಿ ಬಿಟ್ಟು ಕಿಟಕಿಗೆ ಕಿವಿ ಕೊಟ್ಟವರೂ ಇದ್ದರು.

ಮೇಲ್ಜಾತಿಯವರಷ್ಟೇ ಕುಟುಕಿದರು ಎಂದರೆ ಅದೂ ಅರ್ಧ ಮಾತು. ಯಾದಗಿರಿಯ ಒಂದು ಸಭೆಯಲ್ಲಿ ಅವರ ಸಮಾಜದ ಹಿರಿಯರೇ ಎಲ್ಲರ ಎದುರು ಕೇಳಿದರು: "ನಮ್ಮ ಮಂದಿ ಇನ್ನಾ ಕೂಲಿ ಮಾಡಾಕತ್ತಾರ. ನಿಮಗ ಈ ಸಾಹುಕಾರ್ಕಿ ಶೋಕಿ ಬೇಕೇನ್ರಿ?" ಇವರು ಎದ್ದು ನಿಂತು, "ಕೂಲಿ ಮಾಡೋರಿಗೂ ಬೇಕ್ರಿ. ಅವರಿಗೆ ಸಿಗವಲ್ದು, ಅದ ನನ್ನ ಸಿಟ್ಟು. ನನಗ ಸಿಕ್ಕದ್ದು ಬಿಟ್ರ ಅವರಿಗೆ ಸಿಗ್ತದೇನು?" ಎಂದು ಕೇಳಿ ಕೂತರು. ಹಿರಿಯರು ಒಪ್ಪಲಿಲ್ಲ. ಆದರೆ ಊಟಕ್ಕೆ ಪಕ್ಕದಲ್ಲೇ ಕೂರಿಸಿಕೊಂಡರು.

ಅವರು ಯಾರಿಗೆ ಫೀಸು ಕಟ್ಟಿದರು, ಯಾರಿಗೆ ಪುಸ್ತಕ ಕೊಡಿಸಿದರು ಎಂದು ಬರೆಯಬಹುದಿತ್ತು. ಬರೆಯುವುದಿಲ್ಲ. ಬರೆದರೆ ವಾಚಿಗೆ ನಾನು ಕ್ಷಮೆ ಕೇಳಿದ ಹಾಗಾಗುತ್ತದೆ. ಗುತ್ತೇದಾರರು ಯಾರ ಫೀಸು ಕಟ್ಟಿದ್ದಾರೆ ಎಂದು ವಿಚಾರಿಸಿ ಅವರ ಕೈ ಹೊಗಳಿದ್ದೇವೆಯೇ ನಾವು?

ಕೊನೆಗೆ ಯಾರೋ ಪುಣ್ಯಾತ್ಮರು, ಇವರಿಗೆ ಇಷ್ಟು ರೊಕ್ಕ ಎಲ್ಲಿಂದ ಬಂತು ಎಂದು ಮೂಗರ್ಜಿ ಬರೆದರು. ಮೇಲಿನ ಸಾಹೇಬರಿಂದ ಕರೆ ಬಂತು. ಇವರು ಇಸ್ತ್ರಿ ಅಂಗಿ ಹಾಕಿಕೊಂಡು, ಮೂರರಲ್ಲಿ ಎಲ್ಲಕ್ಕಿಂತ ಚೆಂದದ ವಾಚು ಕಟ್ಟಿಕೊಂಡು ಹೋದರು. ಎಲ್ಲ ಸರಿಯಾಗಿತ್ತು, ಕಾಗದಗಳಲ್ಲಿ ಒಂದು ಕೊಂಕೂ ಸಿಗಲಿಲ್ಲ. ಎಲ್ಲ ನೋಡಿ ಮುಗಿಸಿದ ಸಾಹೇಬರು ಕನ್ನಡಕ ತೆಗೆದು, "ಅಲ್ರಿ ಮಾಸ್ತರ, ಇದೆಲ್ಲಾ ಯಾಕ ಬೇಕ್ರಿ ನಿಮಗ? ಸುಮ್ಕ ಮಂದಿ ಕಣ್ಣಿಗೆ ಬೀಳ್ತೀರಿ" ಎಂದರಂತೆ. ಆ ದಿನ ಸಂಜೆ ಬಸ್ ಸ್ಟ್ಯಾಂಡಿನ ಚಹಾದಂಗಡಿಯಲ್ಲಿ ಇವರು ನಗಲಿಲ್ಲ.

"ಲೆಕ್ಕ ಕೇಳಿದ್ರು, ಕೊಟ್ಟೆ ಸರ. ಯಾಕ್ ಬೇಕು ಅಂದ್ರ ಏನ್ ಹೇಳ್ಲಿ? ಖುಷಿಗೆ ಎಲ್ಲಿಂದ ಸರ್ಟಿಫಿಕೇಟ್ ತರ್ಲಿ?"

ನಾನು ಸಾಹೇಬರನ್ನು ಬಾಯಿಗೆ ಬಂದ ಹಾಗೆ ಬೈದೆ. ಅವರು ಕೇಳಿಸಿಕೊಂಡಂತೆ ಕಾಣಲಿಲ್ಲ. ಅಂಗಿಯ ತೋಳನ್ನು ಎಳೆದು ವಾಚಿನ ಮೇಲೆ ಮುಚ್ಚಿಕೊಂಡು ಕೂತಿದ್ದರು. ಅವರು ಹಾಗೆ ಮುಚ್ಚಿಕೊಂಡದ್ದನ್ನು ನಾನು ನೋಡಿದ್ದು ಅದೊಂದೇ ಸಲ, ಮತ್ತು ಅದನ್ನು ನೆನೆದರೆ ಇವತ್ತಿಗೂ ನನಗೆ ಮೈ ಉರಿಯುತ್ತದೆ.

ಕಳೆದ ಮಳೆಗಾಲದಲ್ಲಿ ಅವರಿಗೆ ಡೆಂಗಿ ಜ್ವರ ಬಂತು. ಮೊದಲು ಮಾತ್ರೆ ನುಂಗಿ ಕಾಲೇಜಿಗೆ ಬಂದರು. ಆಮೇಲೆ ಮಲಗಿದರು. ಕಲಬುರಗಿಗೆ ಕರೆದೊಯ್ದರು, ಅಲ್ಲಿಂದ ಹೈದರಾಬಾದಿಗೆ. ತಿರುಗಿ ಬಂದದ್ದು ಆಂಬ್ಯುಲೆನ್ಸಿನಲ್ಲಿ, ಬಿಳಿ ಬಟ್ಟೆ ಸುತ್ತಿಕೊಂಡು. ಅಷ್ಟು ವೇಗದ ಕಾರುಗಳು ಕೂದಲು ಕೊಂಕಿಸದ ಮನುಷ್ಯನನ್ನು ಓಣಿಯಲ್ಲಿ ನಿಂತ ಮಳೆನೀರಿನ ಸೊಳ್ಳೆಯೊಂದು ಒಯ್ದಿತು. ನಾನು ಅವತ್ತು ಅತ್ತದ್ದಕ್ಕಿಂತ ಹೆಚ್ಚು ಆ ನೀರನ್ನು ನೋಡಿ ಹಲ್ಲು ಕಡಿದೆ.

ಮಣ್ಣಿನ ಕಾರ್ಯ ಮುಗಿದು ಎರಡು ದಿನವೂ ಆಗಿರಲಿಲ್ಲ. ಶಹಾಪುರದ ಹೋಟೆಲಿನಲ್ಲಿ ಗುರುತಿನವರೊಬ್ಬರು ಚುರುಮುರಿಯ ಸೂಸಲಾ ತಿನ್ನುತ್ತ, "ನಿಮ್ಮ ಫಿಸಿಕ್ಸ್ ಮಾಸ್ತರ ರೇಸಿನ್ಯಾಗ ಹೋದ್ರಂತಲ್ರಿ?" ಎಂದರು.

"ಜ್ವರ ಬಂದು ಹೋದ್ರು," ಎಂದೆ.

"ಹಂಗ್ ಹೇಳ್ತಾರ ಬಿಡ್ರಿ ಮನಿಯವರು. ಸ್ಪೀಡಿನ ಶೋಕಿ ಸುಮ್ನ ಬಿಡ್ತದೇನು?"

ತಟ್ಟೆ ಸರಿಸಿ ಎದ್ದುಬಿಟ್ಟೆ. ಈ ಮಂದಿಗೆ ಅವರ ಸಾವು ಸಾಲಲಿಲ್ಲ, ಅದರಿಂದ ಒಂದು ನೀತಿಪಾಠವೂ ಬೇಕಿತ್ತು. ಶೋಕಿ ಮಾಡಿದ, ಸತ್ತ. ಎಷ್ಟು ಅಚ್ಚುಕಟ್ಟು! ಸುದ್ದಿ ದೇವಾಪುರದ ಶಾಲೆಗೂ ಹೋಯಿತು. ಅಕ್ಕೋರ ಎದುರಿಗೇ ನಿಂತು, "ನೀವರ ಹಿಡಿದು ಕೂಡಿಸಬೇಕಿತ್ತಲ್ರಿ" ಎಂದು ಕಣ್ಣೊರೆಸಿಕೊಂಡವರಿದ್ದರು. ಆಸ್ಪತ್ರೆಯಲ್ಲಿ ಹಗಲೂ ರಾತ್ರಿ ಕಾದು ಕೂತ ಹೆಂಗಸಿಗೆ ಹೇಳುವ ಮಾತೇ ಅದು? ನಾನು ಅವರ ಮನೆಗೆ ಹೋದಾಗ ಅಕ್ಕೋರು ಒಂದೇ ಮಾತು ಕೇಳಿದರು: "ಕಾಲೇಜಿನ್ಯಾಗರ ಖರೆ ಮಾತು ಹೇಳ್ತೀರಿಲ್ಲೋ ಸರ?" ಹೇಳುತ್ತೇವೆ ಎಂದು ಬಂದೆ.

ನುಡಿನಮನಕ್ಕೆ ಫೋಟೋ ಬೇಕೆಂದು ಪ್ರಾಂಶುಪಾಲರು ಕೇಳಿದರು. ಟ್ರ್ಯಾಕಿನಲ್ಲಿ ನಾನು ತೆಗೆದದ್ದನ್ನು ಕಳಿಸಿದೆ. "ಸರ, ಇದು ಶ್ರದ್ಧಾಂಜಲಿಗೆ ಹೊಂದಂಗಿಲ್ಲ. ಕೆಂಪ್ ಡ್ರೆಸ್ಸು, ಹೆಲ್ಮೆಟ್ಟು... ಇರ್ಲಿ, ಫ್ಲೆಕ್ಸಿನವರು ಬರೋಬರಿ ಮಾಡ್ತಾರ," ಎಂದರು. ಬರೋಬರಿ ಎಂದರೆ ಏನು ಎಂದು ನಾನು ಆಗ ಕೇಳಬೇಕಿತ್ತೇನೋ, ಆದರೆ ಇಂಥದ್ದು ಯಾರ ತಲೆಗೆ ಹೊಳೆದೀತು?

ಬೆಳಿಗ್ಗೆ ಸಭಾಂಗಣಕ್ಕೆ ಹೋದರೆ ವೇದಿಕೆಯ ಮೇಲೆ ಆಳೆತ್ತರದ ಫ್ಲೆಕ್ಸು. ಊರಿನ ಫ್ಲೆಕ್ಸ್ ಅಂಗಡಿಯ ಕಂಪ್ಯೂಟರಿನಲ್ಲಿ ಬಿಳಿ ಅಂಗಿ ತೊಟ್ಟು, ಹೆಗಲಿಗೆ ಶಾಲು ಹಾಕಿ, ಕೈ ಮುಗಿದ ಒಂದು ಮೈ ಯಾವಾಗಲೂ ತಯಾರಿರುತ್ತದೆ. ಸೊಸೈಟಿ ಅಧ್ಯಕ್ಷರು ಸತ್ತಾಗಲೂ ಅದೇ ಮೈ, ಕಿರಾಣಿ ಸೇಟು ಸತ್ತಾಗಲೂ ಅದೇ ಮೈ. ತಲೆ ಮಾತ್ರ ಬದಲು. ಈಗ ಅದರ ಮೇಲೆ ನಮ್ಮ ಫಿಸಿಕ್ಸ್ ಸರ್ ತಲೆ ಕೂರಿಸಿದ್ದರು. ಕೆಂಪು ಸೂಟು ಹೋಗಿತ್ತು. ಹೆಲ್ಮೆಟ್ ಹೋಗಿತ್ತು. ವಾಚು ಹೋಗಿತ್ತು. ಮೂರನೇ ತಿರುವು ದಾಟಿದ ಆ ನಗು ಮಾತ್ರ ಉಳಿದು, ಯಾರದೋ ಮುಗಿದ ಕೈಗಳ ಮೇಲೆ ಅನಾಥವಾಗಿ ಕಾಣುತ್ತಿತ್ತು. ಕೆಳಗೆ ದೊಡ್ಡ ಅಕ್ಷರದಲ್ಲಿ ಸರಳ ಜೀವಿ ಎಂದು ಬರೆದಿತ್ತು.

ಭಾಷಣಗಳು ಶುರುವಾದವು. ಇತಿಹಾಸದವರು ಗದ್ಗದರಾಗಿ, ಅವರು ಯಾವುದಕ್ಕೂ ಆಸೆಪಡದ ಸಂತ ಎಂದರು. ಪ್ರಾಂಶುಪಾಲರು ಹುಡುಗರ ಕಡೆ ಬೆರಳು ತೋರಿಸಿ, ವೇಗವೇ ಮನುಷ್ಯನ ಶತ್ರು, ಸರ್ ಅವರ ಅಕಾಲಿಕ ಸಾವಿನಿಂದ ನಾವೆಲ್ಲ ಪಾಠ ಕಲಿಯಬೇಕು ಎಂದರು. ನಾನು ಕೂತಲ್ಲಿಂದಲೇ ಎದ್ದೆ.

"ಸರ, ಅವರು ಹೋಗಿದ್ದು ಡೆಂಗಿಯಿಂದ. ನಿಮಗೂ ಗೊತ್ತದ."

"ಕೂಡ್ರಿ ಸರ, ಕೂಡ್ರಿ. ಭಾವನಾತ್ಮಕ ಆಗಬ್ಯಾಡ್ರಿ. ನಾನು ಒಟ್ಟಾರೆ ಹೇಳಾಕತ್ತೇನಿ."

ಅರ್ಥಶಾಸ್ತ್ರದವರು ನನ್ನ ಅಂಗಿ ಹಿಡಿದು ಜಗ್ಗಿ ಕೂರಿಸಿದರು. ಮುಂದಿನ ಸಾಲಿನಲ್ಲಿ ಅಕ್ಕೋರು ತಲೆ ಮೇಲೆ ಸೆರಗು ಹೊದ್ದು ಕೂತಿದ್ದರು. ಪ್ರಾಂ‌ಶುಪಾಲರು ಗುಲಾಬಿ ಹಾರ ಕೈಗೆತ್ತಿಕೊಂಡು, ಪುಷ್ಪಮಾಲೆ ಅರ್ಪಿಸಲು ಅಕ್ಕೋರು ಬರಬೇಕು ಎಂದು ಕರೆದರು. ಅಕ್ಕೋರು ಮೆಟ್ಟಿಲು ಹತ್ತಿ ಫ್ಲೆಕ್ಸಿನ ಎದುರು ನಿಂತರು. ಹಾರಕ್ಕೆ ಕೈ ಚಾಚಲಿಲ್ಲ.

"ಮುಖ ನಮ್ಮವರದು," ಎಂದರು. "ಮೈ ಯಾರದ್ರಿ?"

"ಅದು... ಫ್ಲೆಕ್ಸಿನವರು ಹಂಗ ಮಾಡ್ತಾರ್ರಿ ಅಕ್ಕೋರ್ರ. ಎಲ್ಲಾರ್ದೂ ಹಂಗ."

"ಎಲ್ಲಾರ್ದೂ ಹಂಗಿರ್ಲಿ. ಇಷ್ಟು ವರ್ಷ ಸಂಸಾರ ಮಾಡೀನಿ, ಅವರ ಕೈ ನನಗ ಗೊತ್ತದ. ಇವು ಅವರ ಕೈ ಅಲ್ಲ. ಪರ ಗಂಡಸಿನ ಮೈಗೆ ನಾ ಹಾರ ಹಾಕಂಗಿಲ್ಲ."

ಹಿಂದೆ ಯಾರೋ ಹುಡುಗ ಕಿಸಕ್ಕೆಂದು ನಕ್ಕು ಅಲ್ಲೇ ನುಂಗಿಕೊಂಡ. ಅಕ್ಕೋರು ಮೈಕಿನ ಹತ್ತಿರ ಬಂದರು. ದಿನಾ ಸಣ್ಣ ಮಕ್ಕಳಿಗೆ ಪಾಠ ಹೇಳುವ ದನಿ. ಮೈಕು ಇಲ್ಲದಿದ್ದರೂ ಕೇಳುತ್ತಿತ್ತು.

"ನಮ್ಮವರು ಜ್ವರ ಬಂದು ಹೋದ್ರು. ಕಾರಿನಿಂದಲ್ಲ. ಅವರು ಸರಳನೂ ಇರ್ಲಿಲ್ಲ, ಸಂತನೂ ಅಲ್ಲ. ಅಂಗಿ ಇಸ್ತ್ರಿ ಕೆಟ್ರ ಮನಿ ತಲಿ ಮ್ಯಾಲ ಹೊತ್ಕೊಳ್ತಿದ್ರು. ನಮ್ಮ ಅತ್ತಿ ಮಾವ ಜೀವಮಾನದಾಗ ಒಮ್ಮೆರ 'ನನಗಿದು ಬೇಕು' ಅಂದವರಲ್ಲ. ಮಂದಿ ಕೊಟ್ಟದ್ದು ಉಂಡ್ರು, ಮಂದಿ ಬಿಟ್ಟದ್ದು ಉಟ್ರು. ಆ ಮನ್ಯಾಗ ಇವರೊಬ್ರು ಬಾಯಿ ಬಿಟ್ಟು ಬೇಕು ಅಂದ್ರು. ದುಡದು ತಗೊಂಡ್ರು. ನೀವು ಇವತ್ತು ಆ ವಾಚು ಬಿಚ್ಚಿ, ಆ ಬಟ್ಟಿ ಬಿಚ್ಚಿ, ಯಾರದೋ ಕೈ ಹಚ್ಚಿ, ಆ ಕೈ ಮುಗಿಸಿ ನಿಲ್ಲಿಸೀರಿ. ಜೀವ ಇದ್ದಾಗ ಯಾರ ಮುಂದೂ ಹಿಂಗ ನಿಂತವರಲ್ಲ ಅವರು."

ಪ್ರಾಂಶುಪಾಲರು ತಡವರಿಸಿ, "ಹಂಗಾರ ಈಗ ಏನ್ ಮಾಡೋಣ್ರಿ ಅಕ್ಕೋರ್ರ? ನೀವ ಹೇಳ್ರಿ" ಎಂದರು.

"ಏನೂ ಮಾಡಬ್ಯಾಡ್ರಿ. ದಿನಾ ಕಾಲೇಜಿಂದ ಮನಿಗೆ ಬಂದು, 'ಇವತ್ತೂ ರೇಟ್ ಕೇಳಿದ್ರು' ಅಂತಿದ್ರು. ಅವರಿದ್ದಾಗ ಯಾರರ ಒಬ್ರು ಆ ವಾಚು ನೋಡಿ, 'ಛಂದ ಅದ ಸರ' ಅಂದಿದ್ರ ಸಾಕಿತ್ತು."

ಅಕ್ಕೋರು ಸೆರಗು ಸರಿ ಮಾಡಿಕೊಂಡು ಮೆಟ್ಟಿಲಿಳಿದು ಹೊರಟರು. ಪ್ರಾಂಶುಪಾಲರು ಹಾರ ಹಿಡಿದುಕೊಂಡು, ಅದನ್ನು ಎಲ್ಲಿಡಬೇಕೆಂದು ತಿಳಿಯದೆ ಫ್ಲೆಕ್ಸಿನ ಮುಂದೆ ನಿಂತೇ ಇದ್ದರು.